ನೆಲ ಬಗೆದು ಬಾಳುವ ಜೀವಿಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದಲೇ ಮಾತು ಶುರು ಮಾಡುತ್ತೇನೆ. ಉತ್ತರ ಅಮೆರಿಕದಲ್ಲಿ ಪಾಕೆಟ್ ಗೋಫರ್ ಎಂಬ ದಂಶಕವಿದೆ. ಹೆಚ್ಚುಕಡಿಮೆ ಇಲಿಯಷ್ಟು ಗಾತ್ರ, ಬದುಕೆಲ್ಲ ನೆಲದೊಳಗೆ. ಅದು ಮಣ್ಣು ಅಗೆಯುವಾಗ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂಬುದನ್ನು ಡೇವಿಡ್ ವ್ಲೆಕ್ ಎಂಬ ವಿಜ್ಞಾನಿ ಲೆಕ್ಕ ಹಾಕಿ 1979ರಲ್ಲಿ ಪ್ರಕಟಿಸಿದರು. ನೆಲದ ಮೇಲೆ ಒಂದಷ್ಟು ದೂರ ನಡೆಯಲು ಬೇಕಾಗುವ ಶಕ್ತಿಗೆ ಹೋಲಿಸಿದರೆ, ಅಷ್ಟೇ ದೂರ ಸುರಂಗ ಕೊರೆಯಲು 360ರಿಂದ 3,400 ಪಟ್ಟು ಹೆಚ್ಚು ಶಕ್ತಿ ಬೇಕು. ಮಣ್ಣಿನ ಗುಣ, ಸುರಂಗದ ರಚನೆ ಬದಲಾದಂತೆ ಈ ವೆಚ್ಚವೂ ಬದಲಾಗುತ್ತದೆ.

ಈ ಸಂಖ್ಯೆಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಲ ತೋಡುವ ಪ್ರಾಣಿಯ ಮೈಕಟ್ಟು, ಅದರ ಸಂಸಾರ, ಅದು ಆಹಾರ ಹುಡುಕುವ ಬಗೆ, ಅದರ ಬಿಲಕ್ಕೆ ಬಂದು ಸೇರಿಕೊಳ್ಳುವ ಬೇರೆ ಬೇರೆ ಜೀವಿಗಳು, ಇವೆಲ್ಲ ಅರ್ಥವಾಗಬೇಕಾದರೆ ಅಗೆತ ಎಷ್ಟು ದುಬಾರಿ ಎಂಬುದು ಮೊದಲು ಅರ್ಥವಾಗಬೇಕು. ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ.

ಇಷ್ಟು ಬೆಲೆ ತೆತ್ತು ಯಾಕಾದರೂ ಅಗೆಯಬೇಕು? ನೆಲದ ಮೇಲ್ಮೈ ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಕೆಳಗಿಳಿದಂತೆ ಈ ಏರಿಳಿತ ಬೇಗ ಕುಗ್ಗುತ್ತದೆ. ಒಂದು ಮೀಟರ್ ಆಳದಲ್ಲಿ ಹಗಲು ರಾತ್ರಿಗಳ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಮೇಲೆ ಒಣಗಾಳಿ ಬೀಸುತ್ತಿದ್ದರೂ ಬಿಲದೊಳಗೆ ತೇವ ಉಳಿದಿರುತ್ತದೆ. ನೀರು ಕುಡಿಯದೆಯೇ ಬದುಕಬಲ್ಲ ಮರುಭೂಮಿಯ ಕಾಂಗರೂ ಇಲಿಗೆ ಈ ತೇವವೂ ಒಂದು ಆಸರೆ. ಹದ್ದಿನ ಕಣ್ಣು ಅಲ್ಲಿಗೆ ತಲುಪುವುದಿಲ್ಲ, ಕಾಡ್ಗಿಚ್ಚು ತಲೆಯ ಮೇಲೆ ಹಾದುಹೋಗುತ್ತದೆ. ಜೊತೆಗೆ ಗೆಡ್ಡೆ, ಬೇರು, ಎರೆಹುಳು, ಗೆದ್ದಲು ಎಲ್ಲವೂ ಅಲ್ಲೇ ಸಿಗುತ್ತವೆ. ಮೇಲಿನ ಲೋಕದ ಪೈಪೋಟಿಯೂ ಅಲ್ಲಿ ಕಡಿಮೆ.

ಇಂಥ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ‘ಫಾಸೋರಿಯಲ್’ ಎಂಬ ವಿಶೇಷಣವಿದೆ. ಅಗೆಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ. ಅಗೆದು ತೆಗೆದದ್ದು ಎಂಬ ಅರ್ಥದ ‘ಫಾಸಿಲ್’ ಕೂಡ ಅದೇ ಬೇರಿನದು. ಆದರೆ ಬಿಲದಲ್ಲಿ ಮಲಗುವ ಪ್ರಾಣಿಗಳಿಗೆಲ್ಲ ಈ ಪದ ಒಪ್ಪುವುದಿಲ್ಲ. ನರಿ ಬಿಲ ತೋಡುತ್ತದೆ, ಆದರೆ ಅದರ ಮೈ ಓಡಲು, ಬೇಟೆಯಾಡಲು ಆದದ್ದು. ಅಗೆಯುವುದಕ್ಕೆಂದೇ ಮೈ ರೂಪುಗೊಂಡು, ಬದುಕಿನ ದೊಡ್ಡ ಪಾಲು ಮಣ್ಣಿನೊಳಗೇ ಕಳೆಯುವ ಜೀವಿಗಳಿಗೆ ಜೀವವಿಜ್ಞಾನಿಗಳು ಈ ಪದವನ್ನು ಬಳಸುತ್ತಾರೆ. ನಡುವಿನವೂ ಬೇಕಾದಷ್ಟಿವೆ.

ಯುರೋಪಿನ ಮೋಲ್ ಅನ್ನು ಹತ್ತಿರದಿಂದ ನೋಡೋಣ. ಇದು ಇಲಿಯ ಜಾತಿಯಲ್ಲ, ಸುಂಡಿಲಿಗೆ ಹತ್ತಿರದ ನಂಟು. ತೂಕ ನೂರು ಗ್ರಾಂ ಆಸುಪಾಸು. ಮೊದಲು ಕಣ್ಣಿಗೆ ಬೀಳುವುದು ಅದರ ಮುಂಗೈ. ತೋಳು ಹೊರಗೆ ಕಾಣುವುದೇ ಇಲ್ಲ. ಅಗಲವಾದ ಅಂಗೈ ನೇರವಾಗಿ ಭುಜದಿಂದಲೇ ಹೊರಟಂತೆ ಪಕ್ಕಕ್ಕೆ ಚಾಚಿಕೊಂಡು ಹಿಂದಕ್ಕೆ ಮುಖ ಮಾಡಿರುತ್ತದೆ. ಒಳಗಿರುವ ತೋಳಿನ ಮೂಳೆ ಗಿಡ್ಡ, ಆದರೆ ಬಲವಾದ ಸ್ನಾಯುಗಳು ಹಿಡಿದುಕೊಳ್ಳಲು ಬೇಕಾದ ಏಣುಗಳೊಂದಿಗೆ ಅಗಲಕ್ಕೆ ಬೆಳೆದಿದೆ. ಐದು ಬೆರಳುಗಳು ಸಾಲದೆಂಬಂತೆ ಹೆಬ್ಬೆರಳಿನ ಪಕ್ಕದಲ್ಲಿ ಕುಡುಗೋಲಿನ ಆಕಾರದ ಇನ್ನೊಂದು ಮೂಳೆಯಿದೆ. ಗೆಣ್ಣುಗಳಿಲ್ಲದ ಅದು ನಿಜವಾದ ಬೆರಳಲ್ಲ. ಮಣಿಕಟ್ಟಿನ ಬಳಿಯ ಸಣ್ಣ ಮೂಳೆಯೊಂದು ಹೀಗೆ ಬೆಳೆದು ಅಂಗೈಯನ್ನು ಮತ್ತಷ್ಟು ಅಗಲಿಸಿದೆ. ಭ್ರೂಣದಲ್ಲಿ ಇದು ಹೇಗೆ ಮೂಡುತ್ತದೆ ಎಂಬುದನ್ನು ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವಿವರಿಸಿದರು. ಒಂದು ಬೀಸಿಗೆ ಸರಿಯುವ ಮಣ್ಣು ಹೆಚ್ಚಾದರೆ ಅಷ್ಟರಮಟ್ಟಿಗೆ ಬೀಸುಗಳು ಕಡಿಮೆಯಾಗುತ್ತವೆ.

ತುಪ್ಪಳದ ವಿಷಯವನ್ನೂ ಹೇಳಬೇಕು. ಬೆಕ್ಕಿನ ಮೈಯನ್ನು ಬಾಲದಿಂದ ತಲೆಯತ್ತ ಸವರಿದರೆ ಕೂದಲು ಎದುರು ನಿಲ್ಲುತ್ತದೆ. ಮೋಲ್‌ನ ಕೂದಲಿಗೆ ಹಾಗೆ ಒಂದೇ ದಿಕ್ಕು ಎಂಬುದಿಲ್ಲ. ಮುಂದಕ್ಕೆ ಒತ್ತಿದರೂ ಹಿಂದಕ್ಕೆ ಒತ್ತಿದರೂ ಅದು ಮೆತ್ತಗೆ ಮಲಗುತ್ತದೆ. ಇಕ್ಕಟ್ಟಾದ ಸುರಂಗದಲ್ಲಿ ಹಿಮ್ಮುಖವಾಗಿ ಸರಿಯುವಾಗ ಕೂದಲು ಗೋಡೆಗೆ ಸಿಕ್ಕಿಕೊಳ್ಳುವುದಿಲ್ಲ. ಹೊರಕಿವಿಗಳಿಲ್ಲ, ಕಣ್ಣುಗಳು ತೀರ ಸಣ್ಣವು.

ಅದು ಆಹಾರ ಸಂಪಾದಿಸುವ ಬಗೆ ನನಗೆ ಇನ್ನೂ ಹೆಚ್ಚು ಇಷ್ಟ. ಪ್ರತಿ ಊಟಕ್ಕೂ ಹೊಸದಾಗಿ ಅಗೆಯುತ್ತಾ ಹೋದರೆ ತಿಂದದ್ದೆಲ್ಲ ಅಗೆತಕ್ಕೇ ಮುಗಿದುಹೋಗುತ್ತದೆ. ಆದ್ದರಿಂದ ಮೋಲ್ ತೋಡಿಟ್ಟ ಸುರಂಗವನ್ನೇ ಬಲೆಯಾಗಿ ಬಳಸುತ್ತದೆ. ಮಣ್ಣಿನಲ್ಲಿ ಸರಿದಾಡುವ ಎರೆಹುಳುಗಳು ಸುರಂಗದೊಳಗೆ ಬಂದು ಬೀಳುತ್ತವೆ, ಮೋಲ್ ಗಸ್ತು ತಿರುಗುತ್ತಾ ಅವನ್ನು ಹಿಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಸಿಕ್ಕ ಹುಳುಗಳ ತಲೆಯ ಭಾಗವನ್ನು ಕಚ್ಚಿ, ಸಾಯದಂತೆ ಆದರೆ ಓಡಿಹೋಗದಂತೆ ಮಾಡಿ, ಒಂದೆಡೆ ಕೂಡಿಡುತ್ತದೆ.

ಇದರ ಬಳಗದ ತಾರೆಮೂಗಿನ ಮೋಲ್ ಉತ್ತರ ಅಮೆರಿಕದ ಜೌಗು ನೆಲದಲ್ಲಿದೆ. ಮೂಗಿನ ಸುತ್ತ 22 ಮಾಂಸಲ ಎಸಳುಗಳು, ಅವುಗಳ ಮೇಲೆ ಸುಮಾರು 25,000 ಸ್ಪರ್ಶಾಂಗಗಳು. ಕತ್ತಲಲ್ಲಿ ಎದುರಾದದ್ದನ್ನು ಮುಟ್ಟಿ, ತಿನ್ನಬಹುದೇ ಎಂದು ತೀರ್ಮಾನಿಸಿ, ನುಂಗಿ ಮುಗಿಸಲು ಅದಕ್ಕೆ ಕಾಲು ಸೆಕೆಂಡು ಕೂಡ ಬೇಡ. ಕೆನೆತ್ ಕಟಾನಿಯಾ ಎಂಬ ವಿಜ್ಞಾನಿ ಈ ಮೂಗಿನ ಅಧ್ಯಯನಕ್ಕೆ ವರ್ಷಗಳನ್ನೇ ಮೀಸಲಿಟ್ಟರು. ಇಂಥ ಶ್ರದ್ಧೆಯಿಂದಲೇ ನಮಗೆ ನೆಲದಡಿಯ ಲೋಕ ಸ್ವಲ್ಪವಾದರೂ ತೆರೆದುಕೊಂಡಿದೆ.

ಈಗ ಆಫ್ರಿಕಾಕ್ಕೆ ಬನ್ನಿ. ಅಲ್ಲಿ ಹೊನ್ನಮೋಲ್ ಎಂದು ಕರೆಯಬಹುದಾದ ಪ್ರಾಣಿಗಳಿವೆ. ನೋಡಿದರೆ ಮೋಲ್‌ನಂತೆಯೇ ಇವೆ, ಆದರೆ ವಂಶವೃಕ್ಷದಲ್ಲಿ ಅವು ಆನೆಗೆ ಹತ್ತಿರ, ಮೋಲ್‌ಗೆ ದೂರ. ಆಸ್ಟ್ರೇಲಿಯಾದ ಮರಳಿನಲ್ಲಿ ಇನ್ನೊಂದು ‘ಮೋಲ್’ ಇದೆ. ಅದು ಕಾಂಗರೂವಿನಂತೆ ಹೊಟ್ಟೆಚೀಲದ ಪ್ರಾಣಿ. ಚೀಲದ ಬಾಯಿ ಹಿಂದಕ್ಕೆ ತೆರೆದುಕೊಳ್ಳುವುದರಿಂದ ಅಗೆಯುವಾಗ ಮರಿಯ ಮೇಲೆ ಮಣ್ಣು ಬೀಳುವುದಿಲ್ಲ. ಇವು ಮೂರೂ ಒಂದನ್ನೊಂದು ನೋಡಿ ಕಲಿತವಲ್ಲ. ಮಣ್ಣಿನ ಒತ್ತಡ ಎಲ್ಲ ಕಡೆಯೂ ಒಂದೇ, ಶಕ್ತಿಯ ಲೆಕ್ಕಾಚಾರವೂ ಒಂದೇ, ಹಾಗಾಗಿ ಉತ್ತರವೂ ಒಂದೇ ಆಯಿತು: ಗಿಡ್ಡ ಕಾಲು, ದುಂಡು ಮೈ, ಮಂಕಾದ ಅಥವಾ ಚರ್ಮದಡಿ ಹೂತ ಕಣ್ಣು. ಮೋಲ್ ಕ್ರಿಕೆಟ್ ಎಂಬ ಕೀಟದ ಮುಂಗಾಲನ್ನು ಭೂತಗನ್ನಡಿಯಲ್ಲಿ ನೋಡಿ. ಮೂಳೆಯೇ ಇಲ್ಲದ ಆ ಕಾಲು ಮೋಲ್‌ನ ಕೈಯನ್ನೇ ಹೋಲುತ್ತದೆ. ಇದರ ಗಂಡು ತನ್ನ ಬಿಲದ ಬಾಯಿಯನ್ನು ಕಹಳೆಯ ಆಕಾರದಲ್ಲಿ ಕೊರೆದು, ಒಳಗೆ ಕುಳಿತು ಹಾಡಿ, ದನಿಯನ್ನು ಹಿಗ್ಗಿಸಿಕೊಳ್ಳುತ್ತದೆ.

ಆದರೆ ಎಲ್ಲರೂ ಕೈಯಿಂದಲೇ ಅಗೆಯುತ್ತಾರೆ ಎಂದುಕೊಳ್ಳಬೇಡಿ. ಸ್ಪೇಡ್‌ಫುಟ್ ಕಪ್ಪೆ ಹಿಂಗಾಲಿನ ಗಟ್ಟಿ ಅಂಚಿನಿಂದ ಮಣ್ಣು ಸರಿಸುತ್ತಾ ಹಿಮ್ಮುಖವಾಗಿ ನೆಲಕ್ಕಿಳಿಯುತ್ತದೆ. ಕಾಲೇ ಇಲ್ಲದ ಸಿಸಿಲಿಯನ್ ಎಂಬ ಉಭಯಚರ ತಲೆಯನ್ನೇ ಮುಂದೊತ್ತಿ ಹೋಗುತ್ತದೆ. ಪಶ್ಚಿಮ ಘಟ್ಟಗಳ ನೇರಳೆ ಬಣ್ಣದ ಕಪ್ಪೆ ವರ್ಷದ ಬಹುಭಾಗ ನೆಲದೊಳಗೇ ಗೆದ್ದಲು ತಿಂದುಕೊಂಡಿದ್ದು, ಮಳೆಗಾಲದ ಹೊತ್ತಿಗೆ ಸಂತಾನೋತ್ಪತ್ತಿಗಾಗಿ ಕೆಲವೇ ದಿನ ಹೊರಬರುತ್ತದೆ. ವಿಜ್ಞಾನದ ದಾಖಲೆಯಲ್ಲಿ ಅದಕ್ಕೆ ಹೆಸರು ಸಿಕ್ಕಿದ್ದು 2003ರಲ್ಲಷ್ಟೇ. ಅದರ ಹತ್ತಿರದ ಬಂಧುಗಳಿರುವುದು ಸಮುದ್ರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿ.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿಯ ಪ್ರಾಣಿಗೆ ಬರುತ್ತೇನೆ. ಇಥಿಯೋಪಿಯಾ, ಕೆನ್ಯಾ, ಸೊಮಾಲಿಯಾಗಳ ಒಣನೆಲದಲ್ಲಿ ಬೋಳು ಮೋಲ್‌ಇಲಿ ಎಂಬ ದಂಶಕ ಬದುಕುತ್ತದೆ. ಸುಕ್ಕುಗಟ್ಟಿದ ನಸುಗೆಂಪು ಚರ್ಮ, ಹೊರಚಾಚಿದ ಬಾಚಿಹಲ್ಲು. ಚಿತ್ರ ನೋಡಿ ಮುಖ ಸಿಂಡರಿಸುವವರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ, ಇನ್ನೊಮ್ಮೆ ನೋಡಿ.

ಇದು ಅಗೆಯುವುದು ಹಲ್ಲಿನಿಂದ. ತುಟಿಗಳು ಬಾಚಿಹಲ್ಲುಗಳ ಹಿಂದೆ ಮುಚ್ಚಿಕೊಳ್ಳುವುದರಿಂದ ಎಷ್ಟು ಅಗೆದರೂ ಬಾಯಿಗೆ ಮಣ್ಣು ಹೋಗುವುದಿಲ್ಲ. ಕೆಳಗಿನ ಎರಡು ಬಾಚಿಹಲ್ಲುಗಳನ್ನು ಬೇರೆ ಬೇರೆಯಾಗಿ ಆಡಿಸಬಲ್ಲದು. ಇಡೀ ಮೈಯ ಸ್ನಾಯುಗಳಲ್ಲಿ ಸುಮಾರು ಕಾಲುಭಾಗ ದವಡೆಯಲ್ಲೇ ಇದೆ. ಕೆಲಸ ನಡೆಯುವ ರೀತಿಯನ್ನು ಗಮನಿಸಿ. ಮುಂದಿರುವುದು ಮಣ್ಣು ಕಚ್ಚಿ ಉದುರಿಸುತ್ತದೆ. ಅದರ ಹಿಂದಿರುವುದು ಆ ಮಣ್ಣನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾ ಹಿಮ್ಮುಖವಾಗಿ ಸುರಂಗದ ಬಾಯಿಯವರೆಗೆ ಹೋಗುತ್ತದೆ. ಅಲ್ಲಿ ನಿಂತಿರುವ ಇನ್ನೊಂದು, ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡದು, ಆ ಮಣ್ಣನ್ನು ಹೊರಕ್ಕೆ ಚಿಮ್ಮಿಸುತ್ತದೆ. ಮಣ್ಣು ಒಪ್ಪಿಸಿದ್ದು ಉಳಿದವುಗಳ ಬೆನ್ನ ಮೇಲೆ ಹತ್ತಿ ದಾಟಿ ಮತ್ತೆ ಅಗೆಯುವ ಜಾಗಕ್ಕೆ ಮರಳುತ್ತದೆ. ಸಾಲು ಮುರಿಯುವುದಿಲ್ಲ.

ಈ ಪ್ರಾಣಿಯ ಸಮಾಜ ಜೇನುಗೂಡಿನಂತಿದೆ ಎಂದು ಜೆನಿಫರ್ ಜಾರ್ವಿಸ್ 1981ರಲ್ಲಿ ಪ್ರಕಟಿಸಿದಾಗ ವಿಜ್ಞಾನಲೋಕ ಬೆರಗಾಯಿತು. ಒಂದು ರಾಣಿ ಮಾತ್ರ ಮರಿ ಹಾಕುತ್ತದೆ, ಅದಕ್ಕೆ ಜೊತೆಗೂಡುವುದು ಒಂದೆರಡು ಗಂಡುಗಳಷ್ಟೇ. ಉಳಿದವು ಅಗೆಯುತ್ತವೆ, ಕಾಯುತ್ತವೆ, ಮರಿಗಳನ್ನು ನೋಡಿಕೊಳ್ಳುತ್ತವೆ. ಒಂದು ಕುಟುಂಬದಲ್ಲಿ ಎಪ್ಪತ್ತು ಎಂಬತ್ತು ಪ್ರಾಣಿಗಳಿರುವುದು ಸಾಮಾನ್ಯ, ಕೆಲವೊಮ್ಮೆ ಮುನ್ನೂರರ ಹತ್ತಿರಕ್ಕೂ ಹೋಗುತ್ತದೆ.

ಯಾಕೆ ಹೀಗೆ? ಹಲವು ಸಂಶೋಧಕರು ಕೊಡುವ ಒಂದು ಉತ್ತರ ಮತ್ತೆ ನಮ್ಮ ಲೆಕ್ಕಕ್ಕೇ ಬರುತ್ತದೆ. ಅಲ್ಲಿನ ಆಹಾರವೆಂದರೆ ದೊಡ್ಡ ಗೆಡ್ಡೆಗಳು. ಸಿಕ್ಕರೆ ತಿಂಗಳುಗಟ್ಟಲೆ ಸಾಕು, ಆದರೆ ಅವು ಎಲ್ಲೋ ಒಂದೊಂದು. ಕತ್ತಲಲ್ಲಿ ಕುರುಡಾಗಿ ಅಗೆಯುತ್ತಾ ಹೋಗಿ ಎಡವಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಗೆಯಲ್ಲಿ ನೆಲ ಕಲ್ಲಾಗುವುದರಿಂದ, ಮಳೆ ಬಿದ್ದು ಮಣ್ಣು ಮೆತ್ತಗಾದ ಸ್ವಲ್ಪ ಕಾಲದಲ್ಲೇ ಆದಷ್ಟು ದೂರ ಅಗೆದಿಡಬೇಕು. ಒಂಟಿ ಪ್ರಾಣಿ ಗೆಡ್ಡೆ ಸಿಗುವ ಮೊದಲೇ ಸಾಯಬಹುದು, ಹಲವು ಸೇರಿದರೆ ಒಂದಲ್ಲ ಒಂದು ಸಾಲು ಗೆಡ್ಡೆ ಮುಟ್ಟುತ್ತದೆ. ಒಂದು ಕುಟುಂಬದ ಸುರಂಗಗಳ ಒಟ್ಟು ಉದ್ದ ಮೂರು ಕಿಲೋಮೀಟರ್ ಮೀರಿದ್ದು ದಾಖಲಾಗಿದೆ. ಸಿಕ್ಕ ಗೆಡ್ಡೆಯನ್ನು ಅವು ಪೂರ್ತಿ ಮುಗಿಸುವುದಿಲ್ಲ. ಒಳಗಿನ ತಿರುಳನ್ನು ಅಷ್ಟಿಷ್ಟು ತಿಂದು ಬಿಡುವುದರಿಂದ ಗೆಡ್ಡೆ ಮತ್ತೆ ಬೆಳೆಯುತ್ತದೆ.

ಇಷ್ಟು ಜನ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದರೆ ಗಾಳಿಯ ಗತಿಯೇನು? ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಥಾಮಸ್ ಪಾರ್ಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದಂತೆ, ಆಮ್ಲಜನಕವೇ ಇಲ್ಲದ ಗಾಳಿಯಲ್ಲಿ ಈ ಪ್ರಾಣಿ 18 ನಿಮಿಷ ಇದ್ದು ಮತ್ತೆ ಚೇತರಿಸಿಕೊಳ್ಳಬಲ್ಲದು. ಆ ಹೊತ್ತಿನಲ್ಲಿ ಅದರ ಮಿದುಳು, ಹೃದಯಗಳು ಗ್ಲೂಕೋಸ್ ಬದಲು ಫ್ರಕ್ಟೋಸ್ ಸಕ್ಕರೆಯನ್ನು ಬಳಸಿ ನಡೆಯುತ್ತವೆ. ಇದರ ಆಯಸ್ಸು ಮೂವತ್ತು ವರ್ಷ ಮೀರುತ್ತದೆ. ಇಲಿಯ ಗಾತ್ರದ ಪ್ರಾಣಿಗೆ ಇದು ನಂಬಲಾಗದ ಆಯಸ್ಸು.

ಗಾಳಿಯ ಸಮಸ್ಯೆಗೆ ಮೈಯಿಂದಲ್ಲದೆ ಬಿಲದ ವಿನ್ಯಾಸದಿಂದಲೇ ಪರಿಹಾರ ಕಂಡುಕೊಂಡವರೂ ಇದ್ದಾರೆ. ಅಮೆರಿಕದ ಹುಲ್ಲುಗಾವಲುಗಳ ಪ್ರೇರಿ ನಾಯಿ ಹೆಸರಿಗಷ್ಟೇ ನಾಯಿ, ಜಾತಿಯಲ್ಲಿ ಅಳಿಲಿನ ಬಂಧು. ಅದರ ಬಿಲದ ಒಂದು ಬಾಯಿಯ ಸುತ್ತ ತಗ್ಗಾದ, ದುಂಡನೆಯ ಮಣ್ಣಿನ ಗುಪ್ಪೆ ಇರುತ್ತದೆ. ಇನ್ನೊಂದು ಬಾಯಿಯಲ್ಲಿ ಎತ್ತರವಾದ, ಚೂಪಾದ ಅಂಚಿನ ದಿಬ್ಬ. ಎತ್ತರದಲ್ಲಿ ಗಾಳಿಯ ವೇಗ ಹೆಚ್ಚು, ಒತ್ತಡ ಕಡಿಮೆ. ಹಾಗಾಗಿ ಗಾಳಿ ತಗ್ಗಿನ ಬಾಯಿಯಿಂದ ಒಳಹೊಕ್ಕು, ಸುರಂಗದುದ್ದಕ್ಕೂ ಹರಿದು, ಎತ್ತರದ ಬಾಯಿಯಿಂದ ಹೊರಬೀಳುತ್ತದೆ. 1973ರಲ್ಲಿ ಸ್ಟೀವನ್ ವೋಗೆಲ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು. ಸೆಕೆಂಡಿಗೆ 0.4 ಮೀಟರ್‌ನಷ್ಟು ಮಂದ ಗಾಳಿ ಬೀಸಿದರೂ ಹತ್ತು ನಿಮಿಷದಲ್ಲಿ ಬಿಲದ ಗಾಳಿಯೆಲ್ಲ ಹೊಸದಾಗುತ್ತದೆ. ದಿಬ್ಬ ಕುಸಿದರೆ ಪ್ರೇರಿ ನಾಯಿ ಮೂಗಿನಿಂದ ಒತ್ತಿ ಒತ್ತಿ ಮತ್ತೆ ಕಟ್ಟುತ್ತದೆ.

ಈ ಕಸುಬು ಎಷ್ಟು ಹಳೆಯದು ಎಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಭೂಮಿಯ ಚರಿತ್ರೆಯಲ್ಲಿ ಕೇಂಬ್ರಿಯನ್ ಯುಗದ ಆರಂಭವನ್ನು ಗುರುತಿಸುವುದೇ ಸುಮಾರು 54 ಕೋಟಿ ವರ್ಷಗಳ ಹಿಂದೆ ಕಡಲತಳದ ಕೆಸರಿನಲ್ಲಿ ಯಾವುದೋ ಹುಳುವಿನಂಥ ಜೀವಿ ಕೊರೆದ ಬಿಲದ ಗುರುತಿನಿಂದ. 2007ರಲ್ಲಿ ಮೊಂಟಾನಾದಿಂದ ಬಿಲದೊಳಗೆ ಎರಡು ಮರಿಗಳೊಂದಿಗೆ ಸತ್ತ ಪುಟ್ಟ ಡೈನೋಸಾರ್‌ನ ವರದಿ ಬಂತು. ನೆಬ್ರಾಸ್ಕಾದ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಆಳೆತ್ತರ ಮೀರಿದ ತಿರುಪಿನಾಕಾರದ ಕಲ್ಲುಗಳು ನೆಲದಲ್ಲಿ ನೇರವಾಗಿ ಹೂತು ನಿಂತಿದ್ದವು. 1890ರ ದಶಕದಲ್ಲಿ ಅವನ್ನು ವಿವರಿಸಿದ ಅರ್ವಿನ್ ಬಾರ್ಬರ್ ಮೊದಲು ಸಿಹಿನೀರಿನ ಸ್ಪಂಜು ಎಂದರು, ಆಮೇಲೆ ಸಸ್ಯದ ಬೇರು ಎಂದರು. ಕೆಲವದರೊಳಗೆ ದಂಶಕದ ಮೂಳೆಗಳು ಸಿಕ್ಕಿದ್ದರಿಂದ ಅವು ಬಿಲಗಳು ಎಂಬ ವಾದವೂ ಎದ್ದಿತು. 1977ರಲ್ಲಿ ಲ್ಯಾರಿ ಮಾರ್ಟಿನ್ ಮತ್ತು ಡೆಬ್ರಾ ಬೆನೆಟ್ ಆ ಸುರುಳಿಗಳ ಗೋಡೆಯ ಮೇಲಿನ ಗೀರುಗಳು ಪಾಲಿಯೊಕ್ಯಾಸ್ಟರ್ ಎಂಬ, ಬೀವರ್ ಬಳಗದ ದಂಶಕದ ಬಾಚಿಹಲ್ಲಿಗೆ ಸರಿಹೊಂದುವುದನ್ನು ತೋರಿಸಿದರು. ಎರಡು ಕೋಟಿ ವರ್ಷಗಳಿಗೂ ಹಿಂದೆ ಒಂದು ಪ್ರಾಣಿ ಹಲ್ಲಿನಿಂದ ಕೆತ್ತಿದ ಗುರುತು ಇಂದಿಗೂ ಓದಲು ಸಿಗುತ್ತದೆ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಮಾತು ನಮ್ಮಲ್ಲಿದೆ. ಅನ್ಯಾಯವನ್ನು ಹೇಳಲು ಅದನ್ನು ಬಳಸುತ್ತೇವೆ, ಆದರೆ ಜೀವಲೋಕ ನಡೆಯುವುದೇ ಹಾಗೆ. ಅಗೆತ ಅಷ್ಟು ದುಬಾರಿಯಾದ್ದರಿಂದ, ಬೇರೆಯವರು ತೋಡಿದ ಬಿಲ ಸಿಕ್ಕರೆ ಯಾರೂ ಬಿಡುವುದಿಲ್ಲ. ಅಮೆರಿಕದ ಆಗ್ನೇಯ ಭಾಗದ ಗೋಫರ್ ಆಮೆಯ ಬಿಲಗಳನ್ನು 350ಕ್ಕೂ ಹೆಚ್ಚು ಬಗೆಯ ಜೀವಿಗಳು ಬಳಸುತ್ತವೆ: ಕಪ್ಪೆ, ಹಾವು, ಇಲಿ, ಲೆಕ್ಕವಿಲ್ಲದಷ್ಟು ಕೀಟಗಳು. ಕಾಡ್ಗಿಚ್ಚು ಬಂದಾಗ ಅಲ್ಲಿ ಎಷ್ಟೋ ಜೀವಗಳು ಉಳಿಯುತ್ತವೆ. ಆಫ್ರಿಕಾದಲ್ಲಿ ಗೆದ್ದಲು ತಿನ್ನುವ ಆರ್ಡ್‌ವಾರ್ಕ್ ಎಂಬ ಪ್ರಾಣಿ ತೋಡಿ ಬಿಟ್ಟ ಬಿಲಗಳಲ್ಲಿ ಕಾಡುಹಂದಿಯ ಬಳಗದ ವಾರ್ಟ್‌ಹಾಗ್ ಮರಿಗಳನ್ನು ಬೆಳೆಸುತ್ತದೆ.

ಆಸ್ಟ್ರೇಲಿಯಾದ 2019–20ರ ಭೀಕರ ಕಾಡ್ಗಿಚ್ಚಿನ ಸಮಯದಲ್ಲಿ, ಬಿಲ ತೋಡುವ ಹೊಟ್ಟೆಚೀಲದ ಪ್ರಾಣಿಗಳಾದ ವಾಂಬ್ಯಾಟ್‌ಗಳು ಬೇರೆ ಪ್ರಾಣಿಗಳನ್ನು ಕರೆದು ತಮ್ಮ ಬಿಲಕ್ಕೆ ಸೇರಿಸಿಕೊಂಡವು ಎಂಬ ಸುದ್ದಿ ಎಲ್ಲೆಡೆ ಹರಡಿತ್ತು. ಅವು ಯಾರನ್ನೂ ಕರೆಯುವುದಿಲ್ಲ. ಆದರೆ ಅವುಗಳ ಬಿಲದ ಆಸುಪಾಸಿನಲ್ಲಿ ಬೇರೆ ಪ್ರಾಣಿಗಳು ಓಡಾಡುವುದು, ಒಳಹೊಕ್ಕು ಹೊರಬರುವುದು ಕ್ಯಾಮೆರಾಗಳಲ್ಲಿ ಸೆರೆಯಾಗಿದೆ. ಕಟ್ಟುಕಥೆಯ ಸಿಂಗಾರವಿಲ್ಲದೆಯೂ ಇದು ದೊಡ್ಡ ವಿಷಯವೆಂದು ನನಗೆ ಅನಿಸುತ್ತದೆ.

ಪ್ರೇರಿ ನಾಯಿಗಳ ಹಳೆಯ ಬಿಲಗಳಲ್ಲಿ ಒಂದು ಬಗೆಯ ಗೂಬೆ ಸಂಸಾರ ಹೂಡುತ್ತದೆ. ಅದು ಬಿಲದ ಬಾಯಿಯ ಸುತ್ತ ದನ, ಕುದುರೆಗಳ ಸಗಣಿ ಲದ್ದಿಯನ್ನು ತಂದು ಹರಡುತ್ತದೆ. ಅದಕ್ಕೆ ಸಗಣಿ ಜೀರುಂಡೆಗಳು ಬರುತ್ತವೆ, ಗೂಬೆ ಬಾಗಿಲಲ್ಲೇ ನಿಂತು ಅವನ್ನು ತಿನ್ನುತ್ತದೆ. ಒಳಗಿರುವ ಮರಿಗಳನ್ನು ಯಾರಾದರೂ ಕೆಣಕಿದರೆ ಅವು ಬುಡುಬುಡಿಕೆ ಹಾವಿನಂತೆ ಸದ್ದು ಮಾಡಿ ಹೆದರಿಸುತ್ತವೆ. ಕತ್ತಲ ಬಿಲದಿಂದ ಆ ಸದ್ದು ಬಂದರೆ ಒಳಗೆ ತಲೆ ಹಾಕಲು ಯಾವ ಪ್ರಾಣಿಗೂ ಧೈರ್ಯ ಸಾಲದು.

ಎರೆಹುಳುವನ್ನು ಬಿಟ್ಟರೆ ಈ ಮಾತು ಪೂರ್ತಿಯಾಗದು. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಹೊಲವೊಂದರ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಅಗೆಸಿ ನೋಡಿದರು. ಆ ಪದರ ಏಳು ಇಂಚು ಕೆಳಗಿತ್ತು. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಾಕುತ್ತಾ ಅದನ್ನು ಹೂತುಹಾಕಿದ್ದವು. ಎಕರೆಯೊಂದರಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ಮೈಯ ಮೂಲಕ ಹಾದುಹೋಗುತ್ತದೆ ಎಂಬುದು 1881ರಲ್ಲಿ ಅವರು ಕೊಟ್ಟ ಲೆಕ್ಕ. ಇಪ್ಪತ್ತೊಂಬತ್ತು ವರ್ಷ ಕಾದ ಆ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಅಗೆಯುವವರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಪ್ರೇರಿ ನಾಯಿಯೇ. ಹುಲ್ಲು ತಿಂದು ದನಗಳಿಗೆ ಉಳಿಸುವುದಿಲ್ಲವೆಂದು ಇಪ್ಪತ್ತನೆಯ ಶತಮಾನದಲ್ಲಿ ಅವಕ್ಕೆ ವಿಷವಿಕ್ಕಿದರು. ಹೊಲಗಳೂ ಹರಡಿದವು, ಪ್ಲೇಗ್ ಕೂಡ ಬಂತು. ಪ್ರೇರಿ ನಾಯಿಯನ್ನೇ ತಿಂದು, ಅದರ ಬಿಲದಲ್ಲೇ ಬದುಕುವ ಕರಿಗಾಲಿನ ಫೆರೆಟ್ ಎಂಬ ಮಾಂಸಾಹಾರಿ ನಿರ್ವಂಶವಾಯಿತೆಂದೇ ಭಾವಿಸಲಾಯಿತು. 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಬಳಿ ನಾಯಿಯೊಂದು ಸತ್ತ ಫೆರೆಟ್ ಒಂದನ್ನು ಕಚ್ಚಿ ತಂದಾಗ ಅಲ್ಲಿ ಚಿಕ್ಕ ಗುಂಪೊಂದು ಉಳಿದಿರುವುದು ತಿಳಿಯಿತು. ಅದೂ ರೋಗಕ್ಕೆ ತುತ್ತಾಗಿ, 1987ರ ಹೊತ್ತಿಗೆ ಹಿಡಿದು ಸಾಕಿದ 18 ಪ್ರಾಣಿಗಳಷ್ಟೇ ಉಳಿದವು. ಇವತ್ತಿರುವ ಫೆರೆಟ್‌ಗಳೆಲ್ಲ ಆ ಕೊನೆಯ ಗುಂಪಿನಿಂದಲೇ ಬೆಳೆದವು. ಅವನ್ನು ಕಾಡಿಗೆ ಬಿಡಬೇಕಾದರೆ ಮೊದಲು ನೋಡುವುದು ಅಲ್ಲಿ ಸಾಕಷ್ಟು ಪ್ರೇರಿ ನಾಯಿಗಳಿವೆಯೇ ಎಂದು. ವಿಷವಿಕ್ಕಿದವರು ಒಂದು ಪ್ರಾಣಿಯನ್ನು ಕೊಲ್ಲುತ್ತಿದ್ದೇವೆ ಎಂದುಕೊಂಡಿದ್ದರು, ಕಳೆದುಹೋದದ್ದು ಇಡೀ ಒಂದು ಊರು. ಇದನ್ನು ಹೇಳುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಉಪನ್ಯಾಸದ ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ಬಿಲ ಕಂಡರೆ ಅದರಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯುವುದು ಹೇಗೆ?

ಮೊದಲನೆಯದಾಗಿ ಕೈ ಹಾಕಬೇಡಿ, ಕೋಲಿನಿಂದ ತಿವಿಯಬೇಡಿ. ತೋಡಿದವರು ಬಿಟ್ಟುಹೋಗಿ ಒಳಗೆ ಹಾವೋ ಚೇಳೋ ಸೇರಿಕೊಂಡಿರಬಹುದು. ಬಾಯಿಯ ಮುಂದಿನ ಮಣ್ಣು ನೋಡಿ. ಅದು ಹೊಸದಾಗಿ, ಸಡಿಲವಾಗಿ, ಸುತ್ತಲಿನ ನೆಲಕ್ಕಿಂತ ಬಣ್ಣದಲ್ಲಿ ಬೇರೆಯಾಗಿದ್ದರೆ ಈಚೆಗೆ ಅಗೆದದ್ದು. ಮಳೆಗೆ ಗಟ್ಟಿಯಾಗಿ ಹುಲ್ಲು ಮೂಡಿದ್ದರೆ ಹಳೆಯದು. ಬಾಯಿಗೆ ಅಡ್ಡಲಾಗಿ ಜೇಡರ ಬಲೆ, ಒಣಗಿದೆಲೆಗಳಿದ್ದರೆ ದೊಡ್ಡ ಪ್ರಾಣಿ ಯಾವುದೂ ಈಚೆಗೆ ಓಡಾಡಿಲ್ಲ. ಆಕಾರವೂ ಸುಳಿವು ಕೊಡುತ್ತದೆ. ಗೋಫರ್ ಆಮೆಯ ಬಿಲದ ಬಾಯಿ ಕೆಳಗೆ ಚಪ್ಪಟೆ, ಮೇಲೆ ಕಮಾನು. ಅದರ ಅಗಲ ಹೆಚ್ಚುಕಡಿಮೆ ಆಮೆಯ ಉದ್ದದಷ್ಟೇ, ಒಳಗೆ ಎಲ್ಲಿ ಬೇಕಾದರೂ ತಿರುಗಿಕೊಳ್ಳಲು ಆಗಬೇಕಲ್ಲ. ಇಷ್ಟರಿಂದಲೂ ತಿಳಿಯದಿದ್ದರೆ ವಾಂಬ್ಯಾಟ್ ಅಧ್ಯಯನ ಮಾಡುವವರ ಉಪಾಯವಿದೆ. ಸಂಜೆ ಬಿಲದ ಬಾಯಿಗೆ ಅಡ್ಡಲಾಗಿ ತೆಳುವಾದ ಕಡ್ಡಿಗಳನ್ನು ಒಂದರ ಪಕ್ಕ ಒಂದು ಸಡಿಲವಾಗಿ ಊರಿ, ಬೆಳಿಗ್ಗೆ ಹೋಗಿ ನೋಡುವುದು. ಬಿದ್ದಿದ್ದರೆ ರಾತ್ರಿ ಯಾರೋ ಹಾದುಹೋಗಿದ್ದಾರೆ. ಹೊರಕ್ಕೆ ಬಿದ್ದಿದ್ದರೆ ಒಳಗಿದ್ದವರು ಹೊರಟಿದ್ದಾರೆ, ಒಳಕ್ಕೆ ಬಿದ್ದಿದ್ದರೆ ಹೊರಗಿನಿಂದ ಯಾರೋ ಬಂದಿದ್ದಾರೆ. ಕಡ್ಡಿಗಳು ಮೂರು ನಾಲ್ಕು ರಾತ್ರಿ ಹಾಗೆಯೇ ನಿಂತಿದ್ದರೂ ಬಿಲ ಖಾಲಿ ಎಂದು ಖಚಿತವಾಗಿ ಹೇಳಲಾಗದು. ಅಷ್ಟು ಸಂದಿನಲ್ಲಿ ನುಸುಳಬಲ್ಲ ಕಪ್ಪೆಯೋ ಇಲಿಯೋ ಒಳಗಿರಬಹುದು.